ರಸ್ತೆ ಆಮೇಲೆ ಬಂತು, ಮನೆ ಮೊದಲೇ ಇತ್ತು

ಪ್ರಶ್ನೆ: ನಾವು ಮೂವರು ಗೆಳೆಯರು ಮೂರ್ನಾಲ್ಕು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಕಾರಿನಲ್ಲಿ ಮಲೆನಾಡು, ಕರಾವಳಿ ಸುತ್ತುತ್ತೇವೆ. ದಾರಿಯಲ್ಲಿ ಹಳೇ ಹೆಂಚಿನ ಮನೆ, ತೋಟದ ಮನೆ ಕಂಡರೆ ನಿಲ್ಲಿಸಿ ಫೋಟೊ ತೆಗೆಯುತ್ತೇನೆ. ಎಲ್ಲವೂ ಒಂದೇ ಥರ ಬರುತ್ತವೆ. ಗೋಡೆ ಹಿಂದಕ್ಕೆ ವಾಲಿರುತ್ತದೆ, ಜಗಲಿ ಕಪ್ಪಗೆ, ಆಕಾಶ ಬೆಳ್ಳಗೆ. ಸಿಂಟೆಕ್ಸ್ ಟ್ಯಾಂಕು, ಡಿಶ್ ಆಂಟೆನಾ, ಕರೆಂಟ್ ತಂತಿ ಬೇರೆ ಅಡ್ಡ ಬರುತ್ತವೆ. ಹೊಸನಗರದ ಹತ್ತಿರ ಒಂದು ಮನೆಯವರು ಬೈದೂ ಬಿಟ್ಟರು. ಲೆನ್ಸ್ ಬದಲಿಸಬೇಕಾ? ಎರಡು ಫೋಟೊ ಕಳಿಸಿದ್ದೇನೆ, ಎರಡನೆಯದು ಆ ಬೈದ ಮನೆಯದು. ಜನವರಿಯಲ್ಲಿ ಮತ್ತೆ ಆ ಕಡೆ ಹೋಗುವವರಿದ್ದೇವೆ.

ಉತ್ತರ: ಲೆನ್ಸ್ ಬದಲಿಸಬೇಡಿ. ದುಡ್ಡು ಉಳಿಸಿ, ಅದರಲ್ಲಿ ಒಂದು ರಾತ್ರಿ ಜಾಸ್ತಿ ಉಳಿದುಕೊಳ್ಳಿ.

ನೀವು ಕಳಿಸಿದ ಎರಡನೇ ಫೋಟೊ ಚೆನ್ನಾಗಿ ನೋಡಿದೆ. ಉಪ್ಪರಿಗೆ ಇರುವ ಮನೆ, ಒಳ್ಳೇ ಮನೆ. ಆದರೆ ಎಡಗಡೆ ಸೌದೆ ಪೇರಿಸಿದೆ. ಅದರ ಪಕ್ಕದ ಗೋಡೆ ಹೊಗೆಯಿಂದ ಕಪ್ಪಾಗಿದೆ, ಕೆಳಗಿನಿಂದ ಒಂದು ತೂಬು ನೀರನ್ನು ಬಾಳೆಗಿಡದ ಬುಡಕ್ಕೆ ಬಿಡುತ್ತಿದೆ. ಅದು ಬಚ್ಚಲುಮನೆ. ನೀವು ತೆಗೆದಿರುವುದು ಮನೆಯ ಹಿತ್ತಲ ಕಡೆಯ ಫೋಟೊ. ಬೈದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಯಾರಾದರೂ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರೋ ಏನೋ.

ತಪ್ಪು ನಿಮ್ಮದಲ್ಲ. ರಸ್ತೆಯಿಂದ ಕಂಡದ್ದೇ ಮನೆಯ ಮುಖ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಪೇಟೆಯ ಮನೆಗೆ ಅದು ಸರಿ. ಮಲೆನಾಡಿನ ಒಂಟಿಮನೆಗೆ ಅಲ್ಲ. ಅಲ್ಲಿ ಮನೆ ಕಟ್ಟುವಾಗ ನೋಡಿದ್ದು ತೋಟ ಯಾವ ಕಡೆ, ನೀರು ಯಾವ ಕಡೆ, ಮಳೆಯ ಇರಚಲು ಎಲ್ಲಿಂದ ಹೊಡೆಯುತ್ತದೆ ಅನ್ನುವುದನ್ನು. ಡಾಂಬರು ರಸ್ತೆ ಬಂದದ್ದು ಎಷ್ಟೋ ವರ್ಷ ಆಮೇಲೆ, ತನಗೆ ಅನುಕೂಲ ಆದ ಕಡೆಯಿಂದ. ಹಾಗಾಗಿ ರಸ್ತೆಗೆ ಬೆನ್ನು ಹಾಕಿದ, ಪಕ್ಕೆ ತೋರಿಸಿದ ಮನೆಗಳೇ ಜಾಸ್ತಿ. ನಿಮ್ಮ ಫೋಟೊಗಳು ಒಂದೇ ಥರ ಬರುವುದಕ್ಕೆ ಮುಖ್ಯ ಕಾರಣ ಇದೇ. ನೀವು ಮನೆಯನ್ನು ನೋಡುತ್ತಿಲ್ಲ, ರಸ್ತೆಗೆ ಕಂಡಷ್ಟು ಮನೆಯನ್ನು ನೋಡುತ್ತಿದ್ದೀರಿ.

ಅಂದರೆ ಇಳಿದು ಒಳಗೆ ಹೋಗಬೇಕು. ಕಾರನ್ನು ತಿರುವಿನಲ್ಲಿ ನಿಲ್ಲಿಸಬೇಡಿ, ಮನೆಯ ದಾರಿಗೂ ಅಡ್ಡ ಹಾಕಬೇಡಿ. ಕ್ಯಾಮೆರಾ ಚೀಲದಲ್ಲೇ ಇರಲಿ. ಉಣಗೋಲಿನ (ಬೇಲಿಗೆ ಗಳು ಅಡ್ಡ ಇಟ್ಟ ದಾರಿಬಾಗಿಲಿನ) ಹೊರಗೇ ನಿಂತು "ಯಾರಾದ್ರೂ ಇದ್ದೀರಾ?" ಅಂತ ಕೂಗಿ. ಮೊದಲು ನಾಯಿ ಬರುತ್ತದೆ, ಆಮೇಲೆ ಮನುಷ್ಯರು. ನಾಯಿ ಬಂದಾಗ ಹಿಂದೆ ಓಡಬೇಡಿ, ಸುಮ್ನೆ ನಿಂತುಕೊಳ್ಳಿ. ಮೂವರೂ ಒಟ್ಟಿಗೆ ಹೋಗುವುದು ಬೇಡ. ಮೂರು ಜನ ಗಂಡಸರು, ಕಪ್ಪು ಚೀಲಗಳು, ಹೊರಗಿನ ಕಾರು ಅಂದರೆ ಯಾರಿಗಾದರೂ ಸರ್ವೆಯವರೋ, ಹಳೇ ಮರದ ಸಾಮಾನು ಕೊಳ್ಳುವವರೋ ಅನ್ನುವ ಅನುಮಾನ ಬರುತ್ತದೆ. ಒಬ್ಬರು ಹೋಗಿ. ಯಾರು, ಎಲ್ಲಿಂದ ಬಂದಿರಿ, ಯಾವ ಊರಿಗೆ ಹೊರಟಿದ್ದೀರಿ ಹೇಳಿ. "ಮನೆ ಚೆನ್ನಾಗಿದೆ, ಒಂದು ಫೋಟೊ ತೆಗೀಬಹುದಾ?" ಅಂತ ಕೇಳಿ. "ಹೆರಿಟೇಜ್" ಅನ್ನುವ ಮಾತು ಆಡಬೇಡಿ. ಸರ್ಕಾರದವರು ಮನೆ ಮುಟ್ಟಬೇಡಿ ಅಂತ ಹೇಳಲು ಬಂದಿದ್ದಾರೆ ಅಂತ ಹೆದರುವವರಿದ್ದಾರೆ.

ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಮನೆಯವರು ಬನ್ನಿ ಅನ್ನುತ್ತಾರೆ. ಹವ್ಯಕರ ಮನೆಯಾದರೆ ಕುಳಿತ ಕೂಡಲೇ "ಆಸ್ರಿಗೆ ಬೇಕಾ?" (ಕುಡಿಯಲು ಏನಾದರೂ ಬೇಕಾ) ಅನ್ನುವ ಮಾತು ಬರುತ್ತದೆ. ಬೇಡ ಅನ್ನಬೇಡಿ. ನೀರೋ ಬೆಲ್ಲವೋ ಮಜ್ಜಿಗೆಯೋ, ಕೊಟ್ಟದ್ದು ಕುಡಿಯಿರಿ. ಆ ಹದಿನೈದು ನಿಮಿಷ ದಂಡ ಅಲ್ಲ. ಜಗಲಿಯಲ್ಲಿ ಕೂತು ಕುಡಿಯುವಾಗಲೇ ಬೆಳಕು ಎಲ್ಲಿಂದ ಬರುತ್ತಿದೆ, ಯಾವ ಕಂಬದ ಮೇಲೆ ಕೈಯಾಡಿ ನುಣುಪಾಗಿದೆ, ಮನೆಯ ಜನ ಯಾವ ಬಾಗಿಲಿಂದ ಓಡಾಡುತ್ತಾರೆ ಅನ್ನುವುದೆಲ್ಲ ಕಣ್ಣಿಗೆ ಬೀಳುತ್ತದೆ. ಬೇಡ ಅಂದವರಿಗೆ ನಮಸ್ಕಾರ ಹೇಳಿ ಹೊರಡಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಕಟ್ಟಡದ ಫೋಟೊ ತೆಗೆಯುವುದು, ಪ್ರಕಟಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆ ಅಲ್ಲ ಅಂತ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ಇದೆ. ಅದನ್ನು ಹಿಡಿದುಕೊಂಡು ಅಂಗಳದಲ್ಲಿ ವಾದಕ್ಕೆ ನಿಲ್ಲಬೇಡಿ. ಅಂಗಳ ಅವರದ್ದು. ಡ್ರೋನ್ ಬಗ್ಗೆ ನನ್ನದು ಇನ್ನೂ ಗಟ್ಟಿ ಅಭಿಪ್ರಾಯ. 2021ರ ನಿಯಮದ ಪ್ರಕಾರ 250 ಗ್ರಾಮ್ ಒಳಗಿನದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ, ಸರಿ. ಆದರೆ ಮನೆಯ ನೆತ್ತಿಯ ಮೇಲೆ ಅದು ಗುಂಯ್ ಅಂದರೆ ಕೊಟ್ಟಿಗೆಯಲ್ಲಿ ದನ ಹಗ್ಗ ಕಿತ್ತುಕೊಳ್ಳುತ್ತವೆ. ನಾನು ಒಯ್ಯುವುದಿಲ್ಲ.

ಈಗ ಗೋಡೆ ವಾಲುವ ವಿಷಯ. ಇದು ಲೆನ್ಸಿನ ದೋಷ ಅಲ್ಲ, ಕುತ್ತಿಗೆಯ ದೋಷ. ಮನೆ ಎತ್ತರ ಇದೆ ಅಂತ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ ಕೂಡಲೇ ನೆಟ್ಟಗಿರುವ ಕಂಬಗಳು ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಆಗುತ್ತವೆ. ಫೋಟೊದಲ್ಲಿ ಮನೆ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಕ್ಯಾಮೆರಾ ನೆಲಕ್ಕೆ ಸರಿಯಾಗಿ ನೆಟ್ಟಗೆ ಇರಬೇಕು, ಅಷ್ಟೇ. ಫೋನಿನಲ್ಲಿ ಗ್ರಿಡ್ ಮತ್ತು ಲೆವೆಲ್ ಗೆರೆ ಆನ್ ಮಾಡಿ. ಮಾಡು (ಚಾವಣಿ) ಕತ್ತರಿಸಿ ಹೋಗುತ್ತದೆ ಅಂದರೆ ಹಿಂದಕ್ಕೆ ಹೋಗಿ. ಹಿಂದೆ ಜಾಗ ಇಲ್ಲದಿದ್ದರೆ ಎತ್ತರಕ್ಕೆ ಹೋಗಿ. ತೋಟದ ಮನೆಯ ಎದುರು ಒಂದು ಧರೆಯೋ ಹುಲ್ಲುಬಣವೆಯ ಕಟ್ಟೆಯೋ ಇದ್ದೇ ಇರುತ್ತದೆ. ಅದರ ಮೇಲೆ ಹತ್ತಿದರೆ ನಾಲ್ಕಡಿ ಸಿಕ್ಕಿತು. ಆಗ ಅಂಗಳ ಹಾಸಿಕೊಂಡ ಹಾಗೆ ಕಾಣುತ್ತದೆ, ಮಾಡಿನ ಇಳಿಜಾರೂ ಕಾಣುತ್ತದೆ. ಇನ್ನೂ ಸ್ವಲ್ಪ ವಾಲಿದ್ದರೆ ಮನೆಗೆ ಬಂದು ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ನಲ್ಲಿ ಪರ್ಸ್ಪೆಕ್ಟಿವ್ ಸರಿ ಮಾಡಬಹುದು. ಸರಿ ಮಾಡುವಾಗ ಅಂಚು ಕತ್ತರಿಸಿ ಹೋಗುತ್ತದೆ, ಅದಕ್ಕೆ ಸುತ್ತ ಜಾಗ ಬಿಟ್ಟು ತೆಗೆಯಿರಿ.

ಫೋನಿನ 0.5, ಅಂದರೆ ಅಗಲವಾಗಿ ತೋರಿಸುವ ಲೆನ್ಸ್ ಮುಟ್ಟಲೇಬೇಡಿ ಅಂತ ಹೇಳುವುದಿಲ್ಲ, ಆದರೆ ಮನೆಯ ಹೊರಗೆ ಬೇಡ. ಅದು ಅಂಚನ್ನು ಎಳೆಯುತ್ತದೆ. ಐದು ಕಂಬದ ಜಗಲಿ ರೈಲ್ವೆ ಪ್ಲಾಟ್‌ಫಾರ್ಮ್ ಆಗುತ್ತದೆ. ನಾನು ಕ್ಯಾಮೆರಾದಲ್ಲಿ 35 ಅಥವಾ 50 ಎಂಎಂ ಲೆನ್ಸ್ ಬಳಸುತ್ತೇನೆ, ಫೋನಾದರೆ 1ಎಕ್ಸ್ ಅಥವಾ 2ಎಕ್ಸ್. ಎದುರಿಗೆ ನಿಂತು ತೆಗೆಯುವುದಕ್ಕಿಂತ ಒಂದು ಮೂಲೆಗೆ ಸರಿದು ಎರಡು ಬದಿಯೂ ಕಾಣುವ ಹಾಗೆ ನಿಲ್ಲುವುದು ನನಗೆ ಇಷ್ಟ. ಮಾಡು ಎಷ್ಟು ಕೆಳಗೆ ಇಳಿದಿದೆ ಅನ್ನುವುದು ಆಗಲೇ ತಿಳಿಯುವುದು.

ಜಗಲಿ ಯಾಕೆ ಕಪ್ಪಾಗುತ್ತದೆ ಅನ್ನುವುದಕ್ಕೂ ಆ ಮಾಡೇ ಕಾರಣ. ಮಣ್ಣಿನ ಗೋಡೆ ಮಳೆಗೆ ನೆನೆಯಬಾರದು ಅಂತ ಸೂರನ್ನು ಅಷ್ಟು ಉದ್ದ ಬಿಟ್ಟಿರುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳಕ್ಕೂ ಜಗಲಿಯ ಒಳಗೋಡೆಗೂ ಸುಲಭವಾಗಿ ಆರು ಸ್ಟಾಪ್ ವ್ಯತ್ಯಾಸ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು, ಆರು ಸ್ಟಾಪ್ ಅಂದರೆ 64 ಪಟ್ಟು. ಕಣ್ಣು ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಕಷ್ಟ. ನಿಮ್ಮ ಮೊದಲ ಫೋಟೊದಲ್ಲಿ ಸೂರಿನ ನೆರಳು ಜಗಲಿಯ ಅಂಚಿಗೇ ಬಿದ್ದಿದೆ. ಅಂದರೆ ನೀವು ಹನ್ನೆರಡು, ಒಂದರ ಹೊತ್ತಿಗೆ ಅಲ್ಲಿದ್ದಿರಿ. ಊಟಕ್ಕೆ ಹೋಟೆಲ್ ಹುಡುಕುವ ಹೊತ್ತು.

ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಮೊದಲು ನೋಡಿ. ಪೂರ್ವಕ್ಕಿದ್ದರೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಬಿಸಿಲು ಸೂರಿನ ಕೆಳಗೆ ನುಗ್ಗಿ ಬಾಗಿಲವರೆಗೂ ಹೋಗುತ್ತದೆ. ಪಶ್ಚಿಮಕ್ಕಿದ್ದರೆ ಸಂಜೆ. ನೀವು ಹೋಗುವುದು ಜನವರಿಯಲ್ಲಿ. ಆಗ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಮನೆ ಸಿಕ್ಕರೆ ಬಿಡಬೇಡಿ, ಮುಂಬದಿಗೆ ಇಡೀ ದಿನ ಬೆಳಕು ಇರುತ್ತದೆ. ಉತ್ತರದ ಮನೆಗೆ ಜನವರಿಯಲ್ಲಿ ಬಿಸಿಲೇ ತಾಗುವುದಿಲ್ಲ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಪೂರ್ವಕ್ಕಿಂತ ಸ್ವಲ್ಪ ಉತ್ತರಕ್ಕೆ ಹುಟ್ಟುತ್ತಾನೆ. ಆಗ ಬೆಳಿಗ್ಗೆ, ಸಂಜೆ ಉತ್ತರದ ಗೋಡೆಯ ಮೇಲೆ ಓರೆಯಾಗಿ ಬೆಳಕು ಸವರಿಕೊಂಡು ಹೋಗುತ್ತದೆ. ಜೂನ್ ಬಂದರೆ ಮಳೆ. ಅಂದರೆ ಅಂಥ ಮನೆಗೆ ನಿಮಗೆ ಸಿಗುವುದು ಏಪ್ರಿಲ್, ಮೇ ಎರಡೇ ತಿಂಗಳು.

ಬೆಳಕು ಕೈಕೊಟ್ಟರೆ ಮೂರು ಫೋಟೊ ಸೇರಿಸುವ ದಾರಿ ಇದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಒಂದು ಸರಿಯಾಗಿ, ಒಂದು ಎರಡು ಸ್ಟಾಪ್ ಕಡಿಮೆ, ಒಂದು ಎರಡು ಸ್ಟಾಪ್ ಜಾಸ್ತಿ ತೆಗೆದು ಆಮೇಲೆ ಬೆರೆಸುವುದು. ಮಿತವಾಗಿ ಬೆರೆಸಿ. ಜಗಲಿ ಎಂದರೆ ನೆರಳಿರುವ ಜಾಗ. ಮೂಲೆ ಮೂಲೆಯೂ ಬೆಳಗಿದರೆ ಅದು ಮದುವೆ ಛತ್ರ ಆಗುತ್ತದೆ. ಫೋನಿನಲ್ಲಾದರೆ ಬೆಳಕಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ. ಆಮೇಲೆ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ, ಆಕಾಶದಲ್ಲಿ ಮೋಡ ಕಾಣುವಷ್ಟು. ಫ್ಲಾಷ್ ಬೇಡವೇ ಬೇಡ.

ಒಳಗೆ ಕರೆದರೆ, ಚಪ್ಪಲಿ ಬಿಡುವುದನ್ನು ನಾನು ಹೇಳಬೇಕಾಗಿಲ್ಲ. ದೇವರ ಕೋಣೆ, ಅಡಿಗೆಮನೆ ಕಡೆ ಕರೆಯದೆ ಹೋಗಬೇಡಿ, ಕೆಲವು ಮನೆಗಳಲ್ಲಿ ಮಡಿ ಇರುತ್ತದೆ. ಸಗಣಿ ಸಾರಿಸಿದ ನೆಲದ ಮೇಲೆ ಟ್ರೈಪಾಡ್ ಕಾಲು ಊರಿದರೆ ಮೂರು ಗುಳಿ ಬೀಳುತ್ತದೆ. ನಾನು ಒಮ್ಮೆ ಹಬ್ಬದ ಹಿಂದಿನ ದಿನ ಸಾರಿಸಿದ ನೆಲದಲ್ಲಿ ಈ ಕೆಲಸ ಮಾಡಿದ್ದೆ. ಆ ಮನೆಯ ಅಜ್ಜಿ ಏನೂ ಅನ್ನಲಿಲ್ಲ. ಬೋಗುಣಿ ತಂದು, ಕೂತು, ಅಷ್ಟು ಜಾಗ ಮತ್ತೆ ಸಾರಿಸಿದರು. ಬೈದಿದ್ದರೆ ವಾಸಿ ಇತ್ತು. ಅಂದಿನಿಂದ ಮೂರು ತುಂಡು ಬಟ್ಟೆ ಟ್ರೈಪಾಡ್‌ಗೇ ಕಟ್ಟಿಕೊಂಡಿದ್ದೇನೆ.

ತೊಟ್ಟಿಮನೆಯ ಒಳಗೆ ನೋಡಬೇಕಾದದ್ದು ಒಂದೇ, ಬಿಸಿಲು ಎಲ್ಲಿ ಇಳಿಯುತ್ತದೆ ಅನ್ನುವುದು. ಸಾಗರ, ಹೊಸನಗರದ ಕಡೆ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಸುಮಾರು 12.30ಕ್ಕೆ. ನಮ್ಮ ಗಡಿಯಾರ ನಡೆಯುವುದು ಅಲ್ಲಿಂದ ತುಂಬಾ ಪೂರ್ವದಲ್ಲಿರುವ ರೇಖೆಯ ಲೆಕ್ಕಕ್ಕೆ. ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟ್ ನಡುವೆ ಬಿಸಿಲು ನೆಟ್ಟಗೆ ತೊಟ್ಟಿಯ ತಳಕ್ಕೇ ಬೀಳುತ್ತದೆ. ಜನವರಿಯಲ್ಲಿ ಅದು ಉತ್ತರದ ಜಗಲಿಯ ಕಂಬಗಳ ಮೇಲೆ ಕೂರುತ್ತದೆ. ಅಂದರೆ ನೀವು ದಕ್ಷಿಣದ ಜಗಲಿಯ ನೆರಳಲ್ಲಿ ಕೂತು ಎದುರಿನ ಕಂಬಗಳನ್ನು ತೆಗೆಯಬೇಕು. ಗಾರೆ ನೆಲ, ಅದರಲ್ಲೂ ರೆಡ್ ಆಕ್ಸೈಡ್ ನೆಲ ಇದ್ದರೆ ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಇಟ್ಟು ನೋಡಿ. ವರ್ಷಗಟ್ಟಲೆ ಕಾಲು ಓಡಾಡಿ ಹೊಳಪು ಬಂದ ನೆಲದಲ್ಲಿ ಕಂಬ ತಲೆಕೆಳಗಾಗಿ ಕಾಣುತ್ತದೆ.

ಬಾಗಿಲವಾಡದ ಕೆತ್ತನೆ, ಕಂಬದ ತಲೆಯ ಬೋದಿಗೆ, ಇಂಥವಕ್ಕೆ ಎದುರು ಬೆಳಕು ಶತ್ರು. ಬೆಳಕು ಪಕ್ಕದಿಂದ ಬರಬೇಕು. ಎರಡು ಕಡೆ ಬಾಗಿಲಿದ್ದರೆ ಒಂದನ್ನು ಮುಚ್ಚಲು ಕೇಳಿ, ಟ್ಯೂಬ್‌ಲೈಟ್ ಆರಿಸಲು ಕೇಳಿ. ತಕ್ಷಣ ಬಳ್ಳಿ, ಹೂವು, ಗಿಳಿ ಎಲ್ಲ ಮರದಿಂದ ಎದ್ದು ಬರುತ್ತವೆ. ನೆರಳಿನ ಬದಿ ತೀರಾ ಕಪ್ಪಾದರೆ ಬಿಳಿ ಪಂಚೆಯೊಂದನ್ನು ಗೆಳೆಯರು ಹಿಡಿದು ನಿಂತರೆ ಸಾಕು. ಸಾವಿರಾರು ರೂಪಾಯಿಯ ರಿಫ್ಲೆಕ್ಟರ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಗೆಳೆಯರಿಗೂ ಒಂದು ಕೆಲಸ ಆಯ್ತು.

ಇನ್ನೊಂದು ಚಂದದ ಬೆಳಕು ಗಾಜಿನ ಹೆಂಚಿನದು. ಅಡಿಗೆಮನೆಯಲ್ಲಿ ಸೌದೆ ಒಲೆ ಇದ್ದು, ಬೆಳಿಗ್ಗೆ ದೋಸೆಯ ಹೊತ್ತಿಗೆ ನೀವಲ್ಲಿದ್ದರೆ ಹೊಗೆಯ ನಡುವೆ ಆ ಬೆಳಕು ಕೋಲಿನ ಹಾಗೆ ಇಳಿಯುತ್ತದೆ. ಬೆಳಕಿನ ಕೋಲಿಗೇ ಎಕ್ಸ್‌ಪೋಶರ್ ಲಾಕ್ ಮಾಡಿ, ಉಳಿದದ್ದು ಕತ್ತಲಾದರೆ ಆಗಲಿ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿಯುವ ಬೆಳಕೂ ಹೀಗೆಯೇ, ಇನ್ನೂ ಗಟ್ಟಿಯಾಗಿರುತ್ತದೆ. ಅಲ್ಲಿ ಗೋಡೆ ದಪ್ಪ, ಕಿಟಕಿ ಕಡಿಮೆ.

ಜನವರಿಯಲ್ಲಿ ನಿಮಗೆ ಇನ್ನೊಂದು ಅದೃಷ್ಟ ಇದೆ. ಅಡಿಕೆ ಕೆಲಸದ ಕಾಲ ಅದು. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ರಾತ್ರಿ ಸುಲಿಯುವ ಕೆಲಸ ನಡೆಯುತ್ತಿದ್ದರೆ ಜಗಲಿಯಲ್ಲಿ ಒಂದೇ ಬಲ್ಬಿನ ಕೆಳಗೆ ಹತ್ತು ಜನ ಕೂತಿರುತ್ತಾರೆ. ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ ಹೋದರೆ ಚಾಲಿ ಅಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಸುಮಾರು 40 ದಿನ ಅಂಗಳದಲ್ಲಿ ಒಣಗಿಸುತ್ತಾರೆ. ಉಪ್ಪರಿಗೆಯ ಕಿಟಕಿಯಿಂದ ನೋಡಿದರೆ ಅಂಗಳ ಪೂರ್ತಿ ಕಿತ್ತಳೆ ಬಣ್ಣ. ಅಂಗಳ ಇಲ್ಲದೆ ಬರೀ ಮನೆ ತೆಗೆದರೆ ಅರ್ಧವೇ ತೆಗೆದ ಹಾಗೆ. ಯಾಕೆಂದರೆ ಈ ಮನೆಗಳನ್ನು ಕಟ್ಟಿದ್ದೇ ಆ ಕೆಲಸಕ್ಕೆ. ಅಟ್ಟ, ಅಂಗಳ, ಅಷ್ಟು ದೊಡ್ಡ ಜಗಲಿ, ಎಲ್ಲ ಬೆಳೆಯ ಲೆಕ್ಕದಲ್ಲಿ ಇರುವುದು.

ಸಿಂಟೆಕ್ಸ್ ಟ್ಯಾಂಕು, ಡಿಶ್ ಆಂಟೆನಾ, ಕರೆಂಟ್ ತಂತಿ ಅಡ್ಡ ಬರುತ್ತವೆ ಅಂತ ಬರೆದಿದ್ದೀರಿ. ಈಗ ಎಐ ಕೈಯಲ್ಲಿ ಒಂದೇ ಕ್ಲಿಕ್ಕಿಗೆ ಅಳಿಸಬಹುದು. ಅಳಿಸಬೇಡಿ ಅನ್ನುವವನು ನಾನು. ನಾನು ನೋಡಿದ ಒಂದು ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಸರಿಯಾಗಿ ನಡುವೆ ಎರಡಾಗಿತ್ತು. ಎಡಕ್ಕೆ ಹೆಂಚಿನ ಮಾಡು, ಮರದ ಕಂಬ. ಬಲಕ್ಕೆ ತಾರಸಿ, ಗ್ರಿಲ್, ಗುಲಾಬಿ ಬಣ್ಣ. ನಡುವಿನ ಕಂಬವನ್ನು ಕತ್ತರಿಸಲು ಆಗದೆ ಅರ್ಧ ಗೋಡೆಯೊಳಗೆ ಹುಗಿದಿದ್ದರು. ನಾನು ಮೊದಲು ಬರೀ ಎಡಗಡೆ ತೆಗೆದೆ, ಚಂದ ಬಂತು. ಆಮೇಲೆ ಆ ಕಂಬವನ್ನು ನಡುವೆ ಇಟ್ಟು ಎರಡೂ ಕಡೆ ತೆಗೆದೆ. ಇವತ್ತಿಗೂ ಜನ ನಿಂತು ನೋಡುವುದು ಎರಡನೆಯದನ್ನೇ. ಬಲಗಡೆಯವರನ್ನು ಯಾಕೆ ಕೆಡವಿದಿರಿ ಅಂತ ಕೇಳಬೇಡಿ. ಮಂಗ ಹೆಂಚು ಒಡೆಯುವುದು, ಪ್ರತಿ ಬೇಸಿಗೆಯಲ್ಲಿ ಮಾಡು ಹತ್ತಿ ಸರಿ ಮಾಡಲು ಆಳು ಸಿಗದೇ ಇರುವುದು, ಗೆದ್ದಲು, ಎಲ್ಲವನ್ನೂ ಅನುಭವಿಸುವವರು ಅವರು.

ಹಳೆಯ ಮನೆಯ ವಯಸ್ಸು ಬರೆಯುವಾಗ ಸ್ವಲ್ಪ ಹುಷಾರು. ಹೆಂಚಿನ ಮೇಲೆ ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿ ಇರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕೆಲಸ ಶುರು ಮಾಡಿದ್ದು 1860ರ ದಶಕದಲ್ಲಿ. ಹೆಂಚಿನ ಮೇಲಿನ ಇಸವಿ ಕಾರ್ಖಾನೆ ಶುರುವಾದ ವರ್ಷವೂ ಆಗಿರಬಹುದು, ಮನೆಯ ವರ್ಷ ಅಲ್ಲ. ಎಷ್ಟೋ ಮನೆಗಳಿಗೆ ಮೊದಲು ಇದ್ದದ್ದು ಸೋಗೆಯೋ ನಾಡ ಹೆಂಚೋ, ಮಂಗಳೂರು ಹೆಂಚು ಬಂದದ್ದು ಆಮೇಲೆ. ಕಂಬಗಳೂ ಹಾಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ದಂಡೆಯ ಮನೆಗಳು ಮುಳುಗಿದವು. ಕಳಚಿ ತಂದ ಕಂಬ, ಬಾಗಿಲುಗಳನ್ನು ಹೊಸ ಮನೆಗೆ ಹಾಕಿಕೊಂಡವರನ್ನು ನಾನು ಕಂಡಿದ್ದೇನೆ. ಅಂಥ ಕಡೆ ಬಾಗಿಲಿಗೆ ಮನೆಗಿಂತ ಜಾಸ್ತಿ ವಯಸ್ಸು. ಕೇಳಿ ಬರೆದುಕೊಳ್ಳಿ. ಮರ ಹಲಸೋ, ಬೋಗಿಯೋ, ಸಾಗುವಾನಿಯೋ ಅನ್ನುವುದನ್ನೂ ಮನೆಯ ಹಿರಿಯರು ಹೇಳುತ್ತಾರೆ.

ಕೊಡಗಿನ ಕಡೆ ಹೋದರೆ ಐನ್‌ಮನೆ ಒಬ್ಬರ ಮನೆ ಅಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಕುಟುಂಬಗಳೆಲ್ಲದ್ದು. ಅಲ್ಲಿ ವಾಸ ಇರುವವರು ಹೂಂ ಅಂದರೂ ಒಕ್ಕದ ಹಿರಿಯರಾದ ಪಟ್ಟೆದಾರರನ್ನು ಕೇಳುವುದು ಮರ್ಯಾದೆ. ಕೈಮಡ ಹಿರಿಯರ ಗುಡಿ, ಅದರ ಕಟ್ಟೆ ಹತ್ತಿ ನಿಲ್ಲಬೇಡಿ.

ಕೇಳಲು ಸಂಕೋಚ ಅಂದರೆ ಮೊದಲು ಎಲ್ಲರಿಗೂ ತೆರೆದಿರುವ ಮನೆಗಳಲ್ಲಿ ಕಣ್ಣು ಪಳಗಿಸಿಕೊಳ್ಳಿ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಬೇರೆ ಬೇರೆ ಊರುಗಳ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ತೀರ್ಥಹಳ್ಳಿ ಬಳಿ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ಇದೆ. ಎರಡೂ ಕಡೆ ಫೋಟೊ ನಿಯಮ ಕೇಳಿಕೊಂಡೇ ಕ್ಯಾಮೆರಾ ತೆಗೆಯಿರಿ. ಫೋಟೊ ತೆಗೆಯದೆ ಬಂದರೂ ನಷ್ಟ ಇಲ್ಲ, ಜಗಲಿ, ತೊಟ್ಟಿ, ನಡುಮನೆ ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಅಂತ ಕಾಲಿಗೆ ತಿಳಿಯುತ್ತದೆ.

ಇದು ಮಾತ್ರ ಮರೆಯಬೇಡಿ. ಕೆತ್ತನೆಯ ಬಾಗಿಲು, ಕಂಬ ಇರುವ ಮನೆಯ ಜಾಗವನ್ನು ಪೋಸ್ಟ್ ಜೊತೆ ಹಾಕಬೇಡಿ. ಫೋನಿನ ಲೊಕೇಶನ್ ಆಫ್ ಮಾಡಿ. ನಾನು ಒಮ್ಮೆ ಊರಿನ ಹೆಸರು ಬರೆದಿದ್ದೆ. ಮುಂದಿನ ಸಲ ಹೋದಾಗ ಆ ಮನೆಯ ಯಜಮಾನರು, "ನಿಮ್ಮ ಫೋಟೊ ನೋಡ್ಕಂಡು ಇಬ್ರು ಬಂದಿದ್ರು, ಬಾಗಿಲಿಗೆ ರೇಟ್ ಹೇಳಿ ಅಂದ್ರು" ಅಂದರು. ಅವರು ಕೊಡಲಿಲ್ಲ, ಸದ್ಯ. ತಾಲ್ಲೂಕಿನ ಹೆಸರು ಬರೆದರೆ ಸಾಕು.

ಹೊರಡುವ ಮೊದಲು ಎರಡು ಸಣ್ಣ ವಿಷಯ. ಮಳೆಗಾಲದಲ್ಲಿ ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ತಲುಪುವ ಕಾಲು ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿ. ಮತ್ತೆ, ಸುತ್ತ ಅಡಿಕೆ ತೋಟ ಇದ್ದರೆ ನೆರಳಿನಲ್ಲಿ ಬಿಳಿ ಗೋಡೆಯೂ ಹಸಿರಾಗಿ ಬರುತ್ತದೆ. ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಕ್ಯಾಮೆರಾಕ್ಕೆ ಬಿಡದೆ ಗೋಡೆಯ ಸುಣ್ಣ ನೋಡಿ ನೀವೇ ಸರಿ ಮಾಡಿ.

ಜನವರಿಯಲ್ಲಿ ಹೊಸನಗರದ ಆ ಬೈದ ಮನೆಗೇ ಮೊದಲು ಹೋಗಿ. ನನಗೆ ಕಳಿಸಿದ ಆ ಎರಡನೇ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ, ಕಳೆದ ಸಲ ಕೇಳದೆ ತೆಗೆದದ್ದು ಇದು ಅಂತ ಕೊಟ್ಟುಬಿಡಿ. ಫೋಟೊ ಕಳಿಸುತ್ತೇವೆ ಅಂದವರು ಕಳಿಸುವುದಿಲ್ಲ ಅಂತ ಆ ಕಡೆ ಎಲ್ಲರಿಗೂ ಗೊತ್ತು. ತಂದು ಕೊಟ್ಟವರನ್ನು ಯಾರೂ ಉಣಗೋಲಿನ ಹೊರಗೆ ನಿಲ್ಲಿಸುವುದಿಲ್ಲ. ಬಚ್ಚಲುಮನೆಯ ಫೋಟೊ ಆದರೂ ಪರವಾಗಿಲ್ಲ, ನಗುತ್ತಾರೆ. ಬೆಳಿಗ್ಗೆ ಎಂಟರ ಒಳಗೆ ಅಲ್ಲಿರಿ.